ಮೆಟ್ಟಿಲ ಲೈಟಿಗೆ ಕೆಳಗೊಂದು ಮೇಲೊಂದು ಸ್ವಿಚ್: ಟು ವೇ ವೈರಿಂಗ್‌ನ ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯ ಮೇಲೆ ಒಂದು ರೂಮು ಕಟ್ಟಿಸಿದಾಗ ಮೆಟ್ಟಿಲ ಲೈಟಿನ ಸ್ವಿಚ್ ಇದ್ದದ್ದು ಕೆಳಗೆ ಮಾತ್ರ. ರಾತ್ರಿ ಮೇಲೆ ಮಲಗಲು ಹೋಗುವವರು ಲೈಟನ್ನು ಹಾಗೇ ಬಿಟ್ಟು ಹೋಗಬೇಕು, ಇಲ್ಲವೇ ಆರಿಸಿ ಕತ್ತಲಲ್ಲಿ ಹತ್ತಬೇಕು. ಅಮ್ಮ ಮಾಡುತ್ತಿದ್ದದ್ದು ಎರಡನೆಯದು. ಲೈಟ್ ಸುಮ್ನೆ ಉರಿಯಬಾರದು ಅನ್ನುವುದು ಅವರ ಹಟ. ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದು ಕೈ ಗೋಡೆಯ ಮೇಲೆ, ಒಂದೊಂದು ಮೆಟ್ಟಿಲನ್ನೂ ಹೆಬ್ಬೆರಳಲ್ಲಿ ತಡವಿಕೊಂಡು ಹತ್ತುತ್ತಿದ್ದರು. ಒಂದು ರಾತ್ರಿ ತಿರುವಿನಲ್ಲಿ ಕಾಲು ಜಾರಿತು. ಮೊಣಕಾಲು ಊದಿಕೊಂಡು ಹದಿನೈದು ದಿನ ಮಂಚ ಬಿಟ್ಟು ಏಳಲಿಲ್ಲ. ಟು ವೇ ಸ್ವಿಚ್ ಅಂದರೇನು ಅಂತ ನಾನು ಕೂತು ಕಲಿತದ್ದು ಆಮೇಲೆ.

ಕಲಿತ ಮೇಲೆ ಅನ್ನಿಸಿತು, ಇದು ಮನೆ ಕಟ್ಟಿಸುವ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದ ವಿಷಯ. ಗೋಡೆ ಪ್ಲಾಸ್ಟರ್ ಆಗುವ ಮೊದಲು ಹೇಳಿದರೆ ಎರಡು ವೈರ್ ಮತ್ತು ಒಂದು ಸ್ವಿಚ್‌ನ ಖರ್ಚು, ಅಷ್ಟೇ. ಪೇಂಟ್ ಆದ ಮೇಲೆ ನೆನಪಾದರೆ ಗೋಡೆ ಕೊರೆಯಬೇಕು. ಮೆಟ್ಟಿಲಿಗೆ ಮಾತ್ರ ಅಲ್ಲ, ಬೆಡ್‌ರೂಮಿನ ಬಾಗಿಲ ಹತ್ತಿರ ಒಂದು, ಮಂಚದ ಪಕ್ಕ ಒಂದು ಸ್ವಿಚ್ ಬೇಕು ಅಂದರೂ ಇದೇ ವೈರಿಂಗ್. ಎರಡು ಬಾಗಿಲಿರುವ ಹಾಲ್, ಉದ್ದನೆಯ ಪಡಸಾಲೆ, ಕೊಟ್ಟಿಗೆಗೆ ಹೋಗುವ ದಾರಿ, ಎಲ್ಲದಕ್ಕೂ ಇದೇ.

ಮೊದಲು ಯಾರು ಮಾಡಬೇಕು ಅನ್ನುವ ಮಾತು

ನಮ್ಮ ದೇಶದ ವಿದ್ಯುತ್ ಸುರಕ್ಷತಾ ನಿಯಮದ ಪ್ರಕಾರ, ಹಾಳಾದ ಸ್ವಿಚ್, ಬಲ್ಬು, ಫ್ಯಾನು, ಫ್ಯೂಸು ಬದಲಿಸುವಂಥ ಸಣ್ಣ ಕೆಲಸ ಬಿಟ್ಟು ಉಳಿದ ವೈರಿಂಗ್ ಎಲ್ಲ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಮೂಲಕವೇ ಆಗಬೇಕು. ಹೊಸದಾಗಿ ವೈರ್ ಎಳೆದು ಇನ್ನೊಂದು ಸ್ವಿಚ್ ಸೇರಿಸುವುದು ಆ ಸಣ್ಣ ಕೆಲಸದ ಪಟ್ಟಿಗೆ ಬರುವುದಿಲ್ಲ. ಹಾಗಾಗಿ ಗೋಡೆಯೊಳಗಿನ ಕೆಲಸವನ್ನು ಲೈಸೆನ್ಸ್ ಇರುವವರ ಕೈಗೇ ಕೊಡಿ. ಹಾಗಾದರೆ ನಾವು ಯಾಕೆ ಕಲಿಯಬೇಕು? ಏನು ಬೇಕು ಅಂತ ಸರಿಯಾಗಿ ಹೇಳಲು, ನಕ್ಷೆ ಬರೆದು ಕೊಡಲು, ಮಾಡಿದ್ದು ಸರಿ ಇದೆಯಾ ಅಂತ ನೋಡಲು, ಮತ್ತು ನಾಳೆ ಆ ಟು ವೇ ಸ್ವಿಚ್ ಹೋದಾಗ ಹೊಸದನ್ನು ಸರಿಯಾಗಿ ಕೂರಿಸಲು. ಟು ವೇ ಕೆಲಸದಲ್ಲಿ ಎಷ್ಟು ತಪ್ಪು ಆಗುತ್ತದೆ ಅನ್ನುವುದನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಸ್ವಿಚ್ಚಿನೊಳಗೆ ಏನಿದೆ?

ಮಾಮೂಲಿ ಸ್ವಿಚ್ಚಿನ ಹಿಂದೆ ಎರಡು ಸ್ಕ್ರೂ ಇರುತ್ತವೆ. ಒಂದಕ್ಕೆ ಫೇಸ್, ಅಂದರೆ ಕರೆಂಟ್ ತರುವ ವೈರ್, ಬರುತ್ತದೆ, ಇನ್ನೊಂದರಿಂದ ಬಲ್ಬಿಗೆ ಹೋಗುತ್ತದೆ. ಒತ್ತಿದರೆ ಎರಡೂ ಸೇರುತ್ತವೆ, ಮತ್ತೆ ಒತ್ತಿದರೆ ಬೇರೆಯಾಗುತ್ತವೆ. ಇದು ಒನ್ ವೇ.

ಟು ವೇ ಸ್ವಿಚ್ ಮುಂದಿನಿಂದ ನೋಡಲು ಹಾಗೇ ಇರುತ್ತದೆ. ಹಿಂದೆ ತಿರುಗಿಸಿದರೆ ಮೂರು ಸ್ಕ್ರೂ. ಅದರಲ್ಲಿ ಒಂದು ಕಾಮನ್. ಉಳಿದ ಎರಡನ್ನು ಸದ್ಯಕ್ಕೆ ಒಂದು, ಎರಡು ಅಂತ ಕರೆಯೋಣ. ಸ್ವಿಚ್ ಒಂದು ಕಡೆಗಿದ್ದರೆ ಕಾಮನ್ ಹೋಗಿ ಒಂದಕ್ಕೆ ಸೇರುತ್ತದೆ. ಇನ್ನೊಂದು ಕಡೆಗೆ ಒತ್ತಿದರೆ ಎರಡಕ್ಕೆ ಸೇರುತ್ತದೆ. ಇದರಲ್ಲಿ ಆನ್, ಆಫ್ ಅನ್ನುವುದೇ ಇಲ್ಲ. ಯಾವಾಗಲೂ ಯಾವುದಾದರೂ ಒಂದು ಕಡೆಗೆ ಸೇರಿಕೊಂಡೇ ಇರುತ್ತದೆ. ರೈಲು ಹಳಿ ಕವಲೊಡೆಯುವ ಜಾಗ ನೋಡಿದ್ದೀರಲ್ವಾ? ಅದೇ ಥರ. ಬರುವ ಹಳಿ ಒಂದು, ಹೋಗುವ ಹಳಿ ಎರಡು.

ಈಗ ಇಂಥ ಎರಡು ಸ್ವಿಚ್ ತೆಗೆದುಕೊಳ್ಳಿ. ಕೆಳಗಿನ ಸ್ವಿಚ್ಚಿನ ಕಾಮನ್‌ಗೆ ಫೇಸ್ ಕೊಡಿ. ಮೇಲಿನ ಸ್ವಿಚ್ಚಿನ ಕಾಮನ್‌ನಿಂದ ಬಲ್ಬಿಗೆ ವೈರ್ ತೆಗೆಯಿರಿ. ನಡುವೆ ಎರಡು ವೈರ್ ಎಳೆಯಿರಿ, ಕೆಳಗಿನ ಒಂದರಿಂದ ಮೇಲಿನ ಒಂದಕ್ಕೆ, ಕೆಳಗಿನ ಎರಡರಿಂದ ಮೇಲಿನ ಎರಡಕ್ಕೆ. ಈ ಎರಡನ್ನೂ ಜೋಡಿ ವೈರ್ ಅನ್ನೋಣ. ಬಲ್ಬಿನ ಇನ್ನೊಂದು ತುದಿಗೆ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ನೇರವಾಗಿ ಹೋಗುತ್ತದೆ, ಯಾವ ಸ್ವಿಚ್ಚಿನ ಮೂಲಕವೂ ಅಲ್ಲ.

ಇಷ್ಟೇ ಇಡೀ ಟು ವೇ ವೈರಿಂಗ್. ಎರಡೂ ಸ್ವಿಚ್ ಒಂದೇ ಜೋಡಿ ವೈರನ್ನು ಹಿಡಿದುಕೊಂಡಿದ್ದರೆ ದಾರಿ ಸೇರುತ್ತದೆ, ಬಲ್ಬು ಉರಿಯುತ್ತದೆ. ಒಬ್ಬರು ಒಂದನ್ನು, ಇನ್ನೊಬ್ಬರು ಎರಡನ್ನು ಹಿಡಿದಿದ್ದರೆ ದಾರಿ ತಪ್ಪುತ್ತದೆ, ಬಲ್ಬು ಆರುತ್ತದೆ. ಯಾವ ತುದಿಯಲ್ಲಿ ಒತ್ತಿದರೂ ಇದ್ದದ್ದು ಬದಲಾಗಲೇಬೇಕು. ಅದಕ್ಕೇ ಟು ವೇ ಸ್ವಿಚ್ಚಿನಲ್ಲಿ ಮೇಲೆ ಒತ್ತಿದರೆ ಆಫ್, ಕೆಳಗೆ ಒತ್ತಿದರೆ ಆನ್ ಅನ್ನುವ ಲೆಕ್ಕ ಇರುವುದಿಲ್ಲ. ಸ್ವಿಚ್ ಉಲ್ಟಾ ಹಾಕಿದ್ದಾರೆ ಅಂತ ಎಲೆಕ್ಟ್ರಿಷಿಯನ್ ಜೊತೆ ಜಗಳ ಆಡಬೇಡಿ, ಅದು ಇರುವುದೇ ಹಾಗೆ.

ಐಟಿಐ ಎಲೆಕ್ಟ್ರಿಷಿಯನ್ ಕೋರ್ಸಿನ ಹುಡುಗರು ಮರದ ಹಲಗೆಯ ಮೇಲೆ ಮಾಡಿ ಕಲಿಯುವ ಸ್ಟೇರ್‌ಕೇಸ್ ವೈರಿಂಗ್ ಇದೇ. ನಿಮ್ಮ ಎಲೆಕ್ಟ್ರಿಷಿಯನ್‌ಗೆ ಆ ಹೆಸರು ಹೇಳಿದರೆ ಸಾಕು.

ಕಾಮನ್ ಯಾವುದು ಅಂತ ಪತ್ತೆ ಹಚ್ಚುವುದು

ಸಾಮಾನ್ಯವಾಗಿ ಮೂರರಲ್ಲಿ ನಡುವಿನ ಸ್ಕ್ರೂ ಕಾಮನ್ ಆಗಿರುತ್ತದೆ. ಆದರೆ ಎಲ್ಲ ಕಂಪನಿಯಲ್ಲೂ ಹಾಗಿರಬೇಕೆಂದಿಲ್ಲ. ನಂಬಿ ಕೂರಬೇಡಿ, ಮೀಟರ್ ಹಿಡಿದು ನೋಡಿ. ಸ್ವಿಚ್ ಇನ್ನೂ ಕೈಯಲ್ಲಿರುವಾಗಲೇ, ಯಾವ ವೈರೂ ಸೇರಿಸದೆ, ಮಲ್ಟಿಮೀಟರನ್ನು ಬೀಪ್ ಬರುವ ಸ್ಥಾನಕ್ಕೆ ಇಡಿ. ಎರಡೆರಡು ಸ್ಕ್ರೂ ಮುಟ್ಟಿಸುತ್ತಾ ಹೋಗಿ. ಎರಡು ಸ್ಕ್ರೂಗಳ ನಡುವೆ ಸ್ವಿಚ್ ಯಾವ ಕಡೆಗಿದ್ದರೂ ಬೀಪ್ ಬರುವುದೇ ಇಲ್ಲ. ಅವೇ ಒಂದು ಮತ್ತು ಎರಡು. ಉಳಿದದ್ದು ಕಾಮನ್. ಅದರ ಪಕ್ಕ ಮಾರ್ಕರ್‌ನಲ್ಲಿ ಒಂದು ಚುಕ್ಕೆ ಇಡಿ. ಈ ಒಂದು ನಿಮಿಷದ ಕೆಲಸ ಆಮೇಲೆ ಅರ್ಧ ದಿನ ಉಳಿಸುತ್ತದೆ.

ಅಂಗಡಿಯಲ್ಲಿ ಕೊಳ್ಳುವಾಗಲೂ ಹಿಂದೆ ತಿರುಗಿಸಿ ನೋಡಿ. ಒನ್ ವೇ, ಟು ವೇ ಎರಡರ ಮುಖವೂ ಒಂದೇ, ಡಬ್ಬ ಬದಲಾಗುವುದು ಜಾಸ್ತಿ.

ಏನೇನು ಬೇಕು?

ಲೈಟಿಗೆ 6 ಆಂಪ್ಸ್ ಟು ವೇ ಸ್ವಿಚ್ ಎರಡು. ತಾಮ್ರದ ವೈರ್, ಐಎಸ್ಐ ಮಾರ್ಕ್ ಇರುವುದು, 1.5 ಚದರ ಮಿಲಿಮೀಟರಿನದು. ಒಂದು 9 ವ್ಯಾಟ್ ಎಲ್ಇಡಿ ಬಲ್ಬಿಗೆ ಇಷ್ಟು ದಪ್ಪ ಬೇಕಾಗಿಲ್ಲ ನಿಜ. ಆದರೆ ಗೋಡೆಯೊಳಗೆ ಹೋದ ವೈರ್ ಮೂವತ್ತು ವರ್ಷ ಅಲ್ಲೇ ಇರುತ್ತದೆ. ಎಳೆಯುವಾಗ ತೆಳು ವೈರ್ ಬೇಗ ಪೆಟ್ಟು ತಿನ್ನುತ್ತದೆ. ಇಲ್ಲಿ ಜಿಪುಣತನ ಬೇಡ.

ಬಣ್ಣದ ವಿಷಯಕ್ಕೆ ಬಂದರೆ ನಮ್ಮಲ್ಲಿ ಕೆಂಪು, ಹಳದಿ, ನೀಲಿ ಫೇಸ್‌ಗೆ, ಕಪ್ಪು ನ್ಯೂಟ್ರಲ್‌ಗೆ, ಹಸಿರು ಅರ್ಥಿಂಗ್‌ಗೆ. ಜೋಡಿ ವೈರಿಗೆ ಹಳದಿ, ನೀಲಿ ಹಾಕುವವರೇ ಹೆಚ್ಚು. ತ್ರೀ ಫೇಸ್ ಇರುವ ಮನೆಯಲ್ಲಿ ಇದು ಗೊಂದಲ ಮಾಡುತ್ತದೆ. ಮುಂದೆ ಯಾರೋ ಬಂದು ಬೋರ್ಡ್ ತೆರೆದಾಗ ಇದು ಬೇರೆ ಫೇಸ್ ಅಂದುಕೊಳ್ಳಬಹುದು. ಬಿಳಿ ಮತ್ತು ಬೂದು ಸಿಕ್ಕರೆ ಅವನ್ನು ಹಾಕಿ. ಸಿಗದಿದ್ದರೆ ಎರಡೂ ತುದಿಗೆ ಟೇಪ್ ಸುತ್ತಿ 1, 2 ಅಂತ ಬರೆಯಿರಿ. ಕಪ್ಪು, ಹಸಿರು ಮಾತ್ರ ಜೋಡಿ ವೈರಿಗೆ ಎಂದೂ ಬೇಡ.

ವೈರ್ ಎಷ್ಟು ಮೀಟರ್ ಬೇಕು ಅನ್ನುವುದಕ್ಕೆ ನಮ್ಮ ಮನೆಯ ಲೆಕ್ಕವನ್ನೇ ಕೊಡುತ್ತೇನೆ. ಕೆಳಗಿನ ಬಾಕ್ಸಿನಿಂದ ಮೇಲಿನ ಬಾಕ್ಸಿಗೆ ಪೈಪಿನ ದಾರಿ 6 ಮೀಟರ್. ಮೇಲಿನ ಬಾಕ್ಸಿನಿಂದ ಬಲ್ಬಿಗೆ 3 ಮೀಟರ್. ಕೆಳಗಿನ ಪೈಪಿನಲ್ಲಿ ಜೋಡಿ ವೈರ್ ಎರಡು, ನ್ಯೂಟ್ರಲ್ ಒಂದು, ಅರ್ಥಿಂಗ್ ಒಂದು, ಒಟ್ಟು ನಾಲ್ಕು. ಅಂದರೆ 24 ಮೀಟರ್. ಮೇಲಿನ ಪೈಪಿನಲ್ಲಿ ಬಲ್ಬಿನ ವೈರ್, ನ್ಯೂಟ್ರಲ್, ಅರ್ಥಿಂಗ್, ಮೂರು. ಅಂದರೆ 9 ಮೀಟರ್. ಒಟ್ಟು 33. ಪ್ರತಿ ತುದಿಗೂ ಒಂದು ಗೇಣು ಜಾಸ್ತಿ ಬಿಡಬೇಕು. ಹಾಗಾಗಿ 37 ಮೀಟರ್ ಆಸುಪಾಸು ಬಂತು. ಕಾಯಿಲ್ 90 ಮೀಟರಿನದು ಬರುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ಬಣ್ಣಕ್ಕೊಂದು ಕಾಯಿಲ್ ಬೇಡ, ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಅಂಗಡಿ ಹುಡುಕಿ.

ಕೆಲಸದ ಕ್ರಮ

1. ಜಾಗ ಗುರುತು ಮಾಡಿ. ಇದನ್ನು ಎಲೆಕ್ಟ್ರಿಷಿಯನ್‌ಗೆ ಬಿಡಬೇಡಿ, ನೀವೇ ನಿಂತು ಮಾಡಿ. ಕೆಳಗಿನ ಸ್ವಿಚ್ ಮೊದಲ ಮೆಟ್ಟಿಲಿಗೆ ಕಾಲಿಡುವ ಮುಂಚೆಯೇ ಕೈಗೆ ಸಿಗಬೇಕು. ಮೇಲಿನದು ರೂಮಿನ ಒಳಗಲ್ಲ, ಮೆಟ್ಟಿಲು ಮುಗಿಯುವ ಜಾಗದಲ್ಲಿ ಇರಬೇಕು. ಇಳಿಯುವವರು ಮೊದಲ ಮೆಟ್ಟಿಲಿಗೆ ಹೆಜ್ಜೆ ಹಾಕುವ ಮುಂಚೆ ಒತ್ತುವ ಹಾಗೆ. ಬಾಗಿಲು ತೆರೆದಾಗ ಅದರ ಹಿಂದೆ ಅಡಗುವ ಗೋಡೆ ಬೇಡ. ಕಣ್ಣು ಮುಚ್ಚಿಕೊಂಡು ಕೈ ಚಾಚಿ ನೋಡಿ, ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲೇ ಬಾಕ್ಸ್ ಬರಲಿ. ನಾನು ಅಮ್ಮನನ್ನೇ ನಿಲ್ಲಿಸಿ ಗುರುತು ಹಾಕಿಸಿದೆ. ನಾನು ಅಂದುಕೊಂಡದ್ದಕ್ಕಿಂತ ಅರ್ಧ ಅಡಿ ಕೆಳಗೆ ಬಂತು.

2. ಕಾಗದದ ಮೇಲೆ ಬರೆಯಿರಿ. ಎರಡು ಸ್ವಿಚ್, ಒಂದು ಬಲ್ಬು, ಫೇಸ್ ಎಲ್ಲಿಂದ, ನ್ಯೂಟ್ರಲ್ ಎಲ್ಲಿಂದ, ಯಾವ ಪೈಪಿನಲ್ಲಿ ಎಷ್ಟು ವೈರ್. ಬರೆಯುವಾಗ ಒಂದು ಮಾತು ನೆನಪಿರಲಿ. ಫೇಸ್ ಯಾವ ಎಂಸಿಬಿಯಿಂದ (ಫ್ಯೂಸಿನ ಜಾಗದಲ್ಲಿ ಈಗ ಹಾಕುವ, ತಾನಾಗಿ ಬೀಳುವ ಸ್ವಿಚ್) ಬಂತೋ ನ್ಯೂಟ್ರಲ್ ಕೂಡ ಅದೇ ಸರ್ಕ್ಯೂಟಿನದ್ದೇ ಆಗಿರಬೇಕು.

3. ಕರೆಂಟ್ ತೆಗೆಯಿರಿ. ಲೈಟಿನ ಎಂಸಿಬಿ ಮಾತ್ರ ಅಲ್ಲ, ಮೇನ್ ಸ್ವಿಚ್ಚನ್ನೇ ಆಫ್ ಮಾಡಿ. ಮನೆಯಲ್ಲಿ ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಿ. ನಮ್ಮ ಕಡೆ ಜನ ಮರೆಯುವುದು ಇದನ್ನೇ. ಮೇನ್ ತೆಗೆದ ತಕ್ಷಣ ಯುಪಿಎಸ್ ತಾನಾಗಿ ಆನ್ ಆಗಿ ಅದೇ ಲೈಟಿನ ಲೈನಿಗೆ 230 ವೋಲ್ಟ್ ಕೊಡುತ್ತದೆ. ಕರೆಂಟ್ ಹೋಗಿದೆ ಅಂದುಕೊಂಡು ವೈರ್ ಹಿಡಿದರೆ ಶಾಕ್ ಹೊಡೆಯುತ್ತದೆ. ಯುಪಿಎಸ್‌ನ ಮುಂದಿನ ಸ್ವಿಚ್ ಆಫ್ ಮಾಡಿದರೆ ಸಾಲದು. ಕೆಲವು ಯುಪಿಎಸ್‌ಗಳಲ್ಲಿ ಮೇನ್ ಲೈನ್ ಹಾಗೇ ದಾಟಿ ಹೋಗುತ್ತದೆ. ಹಾಗಾಗಿ ಮೇನ್ ಮತ್ತು ಯುಪಿಎಸ್ ಎರಡೂ ಆಫ್ ಇರಬೇಕು.

4. ಕರೆಂಟ್ ಇಲ್ಲ ಅಂತ ಪರೀಕ್ಷೆ ಮಾಡಿ. ಮೇನ್ ಆಫ್ ಮಾಡುವ ಮುಂಚೆ, ಕರೆಂಟ್ ಇರುವ ಸಾಕೆಟ್ಟಿನಲ್ಲಿ ಮೀಟರ್ ಇಟ್ಟು ಅದು ಕೆಲಸ ಮಾಡುತ್ತಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಆಫ್ ಮಾಡಿದ ಮೇಲೆ ನೀವು ಕೈ ಹಾಕುವ ಬಾಕ್ಸಿನಲ್ಲಿ ಪ್ರತಿಯೊಂದು ವೈರನ್ನೂ ನೋಡಿ. ಮುಗಿದ ಮೇಲೆ ಕೆಲಸ ಮಾಡುವ ಬ್ಯಾಟರಿಯಲ್ಲೋ ಬೀಪಿನಲ್ಲೋ ಮೀಟರ್ ಸತ್ತಿಲ್ಲ ಅಂತ ನೋಡಿಕೊಳ್ಳಿ. ನಿಯಾನ್ ಟೆಸ್ಟರ್ ಒಂದನ್ನೇ ನಂಬಬೇಡಿ. ಪಕ್ಕದ ವೈರಿನ ಪ್ರಭಾವಕ್ಕೆ ಖಾಲಿ ವೈರಿನಲ್ಲೂ ಅದು ಮಿಣುಕುತ್ತದೆ, ಕೆಲವೊಮ್ಮೆ ಕರೆಂಟ್ ಇದ್ದರೂ ಸುಮ್ಮನಿರುತ್ತದೆ.

5. ಪೈಪಿನೊಳಗೆ ವೈರ್ ಎಳೆಯುವ ಸ್ಪ್ರಿಂಗ್ ಹಾಕಿ ವೈರ್ ಎಳೆಯಿರಿ. ಎಲ್ಲ ವೈರನ್ನೂ ಒಟ್ಟಿಗೆ ಕಟ್ಟಿ ಒಂದೇ ಸಲ ಎಳೆಯುವುದು ಒಳ್ಳೆಯದು. ಒಬ್ಬರು ಕೆಳಗಿನಿಂದ ತಳ್ಳಬೇಕು, ಒಬ್ಬರು ಮೇಲಿನಿಂದ ಎಳೆಯಬೇಕು. ಪೈಪಿನ ಒಳಗೆ ಜಾಯಿಂಟ್ ಎಂದೂ ಇರಬಾರದು. ನ್ಯೂಟ್ರಲ್ ಮೇಲಿನ ಬಾಕ್ಸಿನಲ್ಲಿ ಕತ್ತರಿಸದೆ ನೇರವಾಗಿ ಬಲ್ಬಿನವರೆಗೆ ಹೋಗಲಿ.

6. ಸ್ಕ್ರೂಗೆ ಸೇರಿಸಿ. ವೈರಿನ ತುದಿಯನ್ನು ಸ್ಕ್ರೂ ಒಳಗೆ ಹೋಗುವಷ್ಟು ಮಾತ್ರ ಸುಲಿಯಿರಿ. ಎಳೆಗಳನ್ನು ಬಿಗಿಯಾಗಿ ಹೊಸೆದು, ತುದಿ ಮಡಚಿ ಒಳಗೆ ಹಾಕಿ ಬಿಗಿ ಮಾಡಿ. ಆಮೇಲೆ ಹಿಡಿದು ಜಗ್ಗಿ ನೋಡಿ. ಹೊರಗೆ ಒಂದೇ ಒಂದು ತಾಮ್ರದ ಎಳೆಯೂ ಕಾಣಬಾರದು. ಫೇಸ್ ಕೆಳಗಿನ ಕಾಮನ್‌ಗೆ, ಬಲ್ಬಿನ ವೈರ್ ಮೇಲಿನ ಕಾಮನ್‌ಗೆ, ಉಳಿದ ಎರಡೆರಡು ಸ್ಕ್ರೂಗೆ ಜೋಡಿ ವೈರ್. ಜೋಡಿ ವೈರ್ ಒಂದಕ್ಕೊಂದು ಅದಲು ಬದಲಾದರೆ ತೊಂದರೆ ಏನಿಲ್ಲ, ಆಗಲೂ ಕೆಲಸ ಮಾಡುತ್ತದೆ. ಕಾಮನ್ ತಪ್ಪಿದರೆ ಮಾತ್ರ ಎಲ್ಲವೂ ತಪ್ಪುತ್ತದೆ. ಬಾಕ್ಸ್ ಕಬ್ಬಿಣದ್ದಾದರೆ ಅದಕ್ಕೂ, ಲೈಟಿನ ಮೈ ಲೋಹದ್ದಾದರೆ ಅದಕ್ಕೂ ಹಸಿರು ವೈರ್ ಸೇರಿಸಿ.

7. ಕರೆಂಟ್ ಕೊಡುವ ಮುಂಚೆ ಮೀಟರ್ ಪರೀಕ್ಷೆ. ಬಲ್ಬು ತೆಗೆದಿಡಿ. ಮೀಟರಿನ ಒಂದು ಕಡ್ಡಿ ಕೆಳಗಿನ ಕಾಮನ್‌ಗೆ, ಇನ್ನೊಂದು ಮೇಲಿನ ಕಾಮನ್‌ಗೆ ಮುಟ್ಟಬೇಕು. ದೂರ ಜಾಸ್ತಿ ಆದರೆ ಕಡ್ಡಿಗೆ ಒಂದು ಉದ್ದ ವೈರ್ ಸೇರಿಸಿಕೊಳ್ಳಿ. ಎರಡು ಸ್ವಿಚ್‌ಗೆ ಒಟ್ಟು ನಾಲ್ಕು ಸ್ಥಿತಿ. ಅದರಲ್ಲಿ ಸರಿಯಾಗಿ ಎರಡರಲ್ಲಿ ಬೀಪ್ ಬರಬೇಕು, ಎರಡರಲ್ಲಿ ಬರಬಾರದು. ಒಂದರಲ್ಲೇ ಬಂದರೆ, ಮೂರರಲ್ಲಿ ಬಂದರೆ, ತಪ್ಪಿದೆ ಅಂತಲೇ ಅರ್ಥ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಯಾವ ಸ್ಥಿತಿಯಲ್ಲೂ ಬೀಪ್ ಬರಬಾರದು.

8. ಎಲ್ಲ ಮುಚ್ಚಳ ಹಾಕಿ, ಬಲ್ಬು ಹಾಕಿ, ಆಮೇಲೆ ಕರೆಂಟ್ ಕೊಡಿ. ನಾಲ್ಕೂ ಸ್ಥಿತಿ ಮತ್ತೊಮ್ಮೆ ನೋಡಿ.

ಫೇಸ್ ಮತ್ತು ಬಲ್ಬು ಒಂದೇ ಕಡೆ ಇದ್ದರೆ

ಹಳೆಯ ಮನೆಯಲ್ಲಿ ಎರಡನೇ ಸ್ವಿಚ್ ಸೇರಿಸುವಾಗ ಸಾಮಾನ್ಯವಾಗಿ ಹೀಗಾಗುತ್ತದೆ. ಈಗಿರುವ ಸ್ವಿಚ್ಚಿನ ಬಾಕ್ಸಿನಲ್ಲೇ ಫೇಸೂ ಇದೆ, ಬಲ್ಬಿಗೆ ಹೋಗುವ ವೈರೂ ಇದೆ. ಬೆಡ್‌ರೂಮಿನ ಬಾಗಿಲ ಹತ್ತಿರದ ಬೋರ್ಡ್ ನೋಡಿ, ಹೀಗೇ ಇರುತ್ತದೆ. ಆಗ ಬಲ್ಬಿನ ವೈರನ್ನು ಕಿತ್ತು ಮಂಚದ ಕಡೆಗೆ ಒಯ್ಯಬೇಕಾಗಿಲ್ಲ. ಎರಡು ಬಾಕ್ಸಿನ ನಡುವೆ ಮೂರು ವೈರ್ ಎಳೆಯಿರಿ. ಕಾಮನ್‌ನಿಂದ ಕಾಮನ್‌ಗೆ ಒಂದು, ಒಂದರಿಂದ ಒಂದಕ್ಕೆ ಒಂದು, ಎರಡರಿಂದ ಎರಡಕ್ಕೆ ಒಂದು. ಬಾಗಿಲ ಬಾಕ್ಸಿನಲ್ಲಿ ಒಂದು ಅನ್ನುವ ಸ್ಕ್ರೂಗೆ ಫೇಸನ್ನೂ, ಎರಡು ಅನ್ನುವ ಸ್ಕ್ರೂಗೆ ಬಲ್ಬಿನ ವೈರನ್ನೂ ಸೇರಿಸಿ. ಎರಡು ಸ್ವಿಚ್ ಒಂದೇ ಕಡೆಗಿದ್ದರೆ ಬಲ್ಬು ಆರಿರುತ್ತದೆ, ಬೇರೆ ಬೇರೆ ಕಡೆಗಿದ್ದರೆ ಉರಿಯುತ್ತದೆ. ಒಂದು ವೈರ್ ಜಾಸ್ತಿ, ಗೋಡೆ ಕೊರೆಯುವುದು ಕಡಿಮೆ.

ಫ್ಯಾನಿಗೂ ಇದೇ ರೀತಿ ಮಾಡಬಹುದು. ರೆಗ್ಯುಲೇಟರ್ ಮಾತ್ರ ಒಂದೇ ಇರಬೇಕು, ಸ್ವಿಚ್ಚುಗಳನ್ನು ದಾಟಿ ಫ್ಯಾನಿಗೆ ಹೋಗುವ ವೈರಿನಲ್ಲಿ.

ಎಂದೂ ಒಪ್ಪಬಾರದ ವೈರಿಂಗ್

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ.

ಮೇಲಿನ ಬಾಕ್ಸಿನಲ್ಲೂ ಫೇಸ್, ನ್ಯೂಟ್ರಲ್ ಇರುತ್ತದೆ, ಕೆಳಗಿನ ಬಾಕ್ಸಿನಲ್ಲೂ ಇರುತ್ತದೆ. ಜೋಡಿ ವೈರ್ ಎಳೆಯಲು ಬೇಜಾರಾದವರು ಒಂದು ಉಪಾಯ ಮಾಡುತ್ತಾರೆ. ಪ್ರತಿ ಸ್ವಿಚ್ಚಿಗೂ ಒಂದು ಕಡೆ ಫೇಸ್, ಇನ್ನೊಂದು ಕಡೆ ನ್ಯೂಟ್ರಲ್ ಕೊಟ್ಟು, ಎರಡು ಕಾಮನ್‌ಗಳ ನಡುವೆ ಬಲ್ಬು ಸೇರಿಸುತ್ತಾರೆ. ಒಂದು ಕಾಮನ್‌ನಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಬಂದಾಗ ಬಲ್ಬು ಉರಿಯುತ್ತದೆ. ನೋಡಲು ಎಲ್ಲ ಸರಿ ಇದೆ ಅನ್ನಿಸುತ್ತದೆ. ಆದರೆ ಎರಡೂ ಕಾಮನ್ ಫೇಸಿನಲ್ಲಿದ್ದಾಗ ಬಲ್ಬು ಆರಿರುತ್ತದೆ, ಹೋಲ್ಡರಿನ ಎರಡೂ ಪಿನ್ನಿನಲ್ಲಿ 230 ವೋಲ್ಟ್ ಇರುತ್ತದೆ. ಲೈಟ್ ಆಫ್ ಇದೆ ಅಂತ ಸ್ಟೂಲ್ ಹತ್ತಿ ಬಲ್ಬು ಬದಲಿಸಲು ಹೋದವರ ಗತಿ ಏನು? ಅಷ್ಟೇ ಅಲ್ಲ, ಬೆರಳಗಲದ ಸ್ವಿಚ್ಚಿನೊಳಗೆ ಫೇಸ್, ನ್ಯೂಟ್ರಲ್ ಅಕ್ಕಪಕ್ಕ ಕೂತಿರುತ್ತವೆ. ಒಂದು ಕಿಡಿ ಎರಡನ್ನೂ ಸೇರಿಸಿದರೆ ಶಾರ್ಟ್. ಕೆಳಗಿನ ಮಹಡಿ ಒಂದು ಫೇಸ್, ಮೇಲಿನ ಮಹಡಿ ಇನ್ನೊಂದು ಫೇಸ್ ಆಗಿದ್ದರಂತೂ ಬಲ್ಬಿಗೆ 400 ವೋಲ್ಟ್ ಆಸುಪಾಸು ಬೀಳುತ್ತದೆ. ಸ್ವಿಚ್ಚು ಮುರಿಯಬೇಕಾದದ್ದು ಫೇಸನ್ನು ಮಾತ್ರ. ನ್ಯೂಟ್ರಲ್ ಸ್ವಿಚ್ಚಿನ ಹತ್ತಿರವೂ ಹೋಗಬಾರದು.

ಎರಡನೆಯ ತಪ್ಪು ಇಷ್ಟು ಭಯಂಕರ ಅಲ್ಲ, ಆದರೆ ತುಂಬಾ ಕಡೆ ನಡೆಯುತ್ತದೆ. ನಮ್ಮ ಮನೆಯಲ್ಲಿ ಆದದ್ದು ಇದೇ. ಕೆಲಸ ಮುಗಿಸಿ ಲೈಟ್ ಹಾಕಿದ ತಕ್ಷಣ ಡಿಬಿಯಲ್ಲಿ, ಅಂದರೆ ಎಂಸಿಬಿಗಳಿರುವ ಪೆಟ್ಟಿಗೆಯಲ್ಲಿ, ಟಕ್ ಅಂತ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬಿತ್ತು. ಎತ್ತಿದೆವು, ಲೈಟ್ ಹಾಕಿದೆವು, ಮತ್ತೆ ಬಿತ್ತು. "ಆರ್‌ಸಿಸಿಬಿನೇ ಹೋಗಿದೆ ಸಾರ್, ಅದನ್ನ ಬೈಪಾಸ್ ಮಾಡಿಬಿಡೋಣ" ಅಂದರು ಬಂದಿದ್ದ ಎಲೆಕ್ಟ್ರಿಷಿಯನ್. ನಾನು ಒಪ್ಪಲಿಲ್ಲ. ಮೇಲಿನ ಬಾಕ್ಸ್ ತೆರೆದು ನೋಡಿದರೆ ಫೇಸ್ ಕೆಳಗಿನ ಮಹಡಿಯದ್ದು, ನ್ಯೂಟ್ರಲ್ ಮೇಲಿನ ಮಹಡಿಯದ್ದು. ಎರಡೂ ಮಹಡಿಗೆ ಬೇರೆ ಬೇರೆ ಆರ್‌ಸಿಸಿಬಿ ಇತ್ತು.

ಆರ್‌ಸಿಸಿಬಿ ಮಾಡುವ ಕೆಲಸ ಒಂದೇ, ಹೋದ ಕರೆಂಟು ಮತ್ತು ವಾಪಸ್ ಬಂದ ಕರೆಂಟನ್ನು ತೂಗಿ ನೋಡುವುದು. ಮನೆಯಲ್ಲಿ ಹಾಕುವುದು ಸಾಮಾನ್ಯವಾಗಿ 30 ಮಿಲಿ ಆಂಪ್ಸ್‌ನದು, ಅಂದರೆ ಅಷ್ಟು ವ್ಯತ್ಯಾಸ ಕಂಡರೆ ಬೀಳುವಂಥದ್ದು. 9 ವ್ಯಾಟ್ ಬಲ್ಬು 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 39 ಮಿಲಿ ಆಂಪ್ಸ್. ಹೋಗುವಾಗ ಕೆಳಗಿನ ಆರ್‌ಸಿಸಿಬಿ ಮೂಲಕ ಹೋಯಿತು, ಬರುವಾಗ ಮೇಲಿನದರ ಮೂಲಕ ಬಂತು. ಕೆಳಗಿನದಕ್ಕೆ 39 ಕಾಣೆಯಾಗಿದೆ ಅನ್ನಿಸಿತು, ಬಿತ್ತು. ಅದು ಹಾಳಾಗಿರಲಿಲ್ಲ, ತನ್ನ ಕೆಲಸ ಸರಿಯಾಗಿ ಮಾಡುತ್ತಿತ್ತು. ಅದನ್ನು ಬೈಪಾಸ್ ಮಾಡಿದ್ದರೆ ಇಡೀ ಕೆಳಗಿನ ಮಹಡಿಯ ಕಾವಲು ತೆಗೆದ ಹಾಗೆ ಆಗುತ್ತಿತ್ತು. ಕೆಳಗಿನಿಂದಲೇ ಒಂದು ಕಪ್ಪು ವೈರ್ ಎಳೆಸಿದೆ, ಸರಿಹೋಯಿತು.

ಮೂರು ಕಡೆ ಸ್ವಿಚ್ ಬೇಕೆಂದರೆ

ಕೆಳಗೆ, ಮೊದಲ ಮಹಡಿಯಲ್ಲಿ, ತಾರಸಿ ಬಾಗಿಲಲ್ಲಿ. ಮೊದಲಿನದು ಮತ್ತು ಕೊನೆಯದು ಮಾಮೂಲಿ ಟು ವೇ. ನಡುವಿನದು ಇಂಟರ್‌ಮೀಡಿಯೇಟ್ ಸ್ವಿಚ್. ಅದಕ್ಕೆ ನಾಲ್ಕು ಸ್ಕ್ರೂ. ಕೆಳಗಿನಿಂದ ಬಂದ ಜೋಡಿ ವೈರ್ ಎರಡಕ್ಕೆ, ಮೇಲೆ ಹೋಗುವ ಜೋಡಿ ವೈರ್ ಇನ್ನೆರಡಕ್ಕೆ. ಅದು ಒಂದು ಸಲ ಜೋಡಿಯನ್ನು ನೇರವಾಗಿ ಕಳಿಸುತ್ತದೆ, ಇನ್ನೊಂದು ಸಲ ಕತ್ತರಿ ಹಾಕಿದ ಹಾಗೆ ಅದಲು ಬದಲು ಮಾಡಿ ಕಳಿಸುತ್ತದೆ. ಅಷ್ಟರಿಂದಲೇ ಉರಿಯುತ್ತಿದ್ದದ್ದು ಆರುತ್ತದೆ, ಆರಿದ್ದು ಉರಿಯುತ್ತದೆ. ನಾಲ್ಕು ಕಡೆ, ಐದು ಕಡೆ ಬೇಕಾದರೂ ನಡುವೆ ಇಂಥದ್ದನ್ನೇ ಸೇರಿಸುತ್ತಾ ಹೋಗಬಹುದು.

ನಾಲ್ಕು ಸ್ಕ್ರೂಗಳಲ್ಲಿ ಯಾವುದು ಯಾವುದಕ್ಕೆ ಜೋಡಿ? ಇದು ಕಂಪನಿಯಿಂದ ಕಂಪನಿಗೆ ಬೇರೆ. ಮತ್ತೆ ಮೀಟರೇ ಗತಿ. ಸ್ವಿಚ್ ಯಾವ ಕಡೆಗಿದ್ದರೂ ಒಂದಕ್ಕೊಂದು ಬೀಪ್ ಬಾರದ ಎರಡು ಸ್ಕ್ರೂ ಹುಡುಕಿ. ಅವೆರಡು ಒಂದು ಬದಿ. ಉಳಿದೆರಡು ಇನ್ನೊಂದು ಬದಿ. ಈ ಸ್ವಿಚ್ ಎಲ್ಲ ಅಂಗಡಿಯಲ್ಲಿ ಇಟ್ಟಿರುವುದಿಲ್ಲ, ಬೆಲೆಯೂ ಟು ವೇಗಿಂತ ಜಾಸ್ತಿ. ಕೆಲಸ ಶುರು ಮಾಡುವ ಮುಂಚೆಯೇ ತರಿಸಿಟ್ಟುಕೊಳ್ಳಿ. ಇಲ್ಲದಿದ್ದರೆ ಸಿಗಲಿಲ್ಲ ಅಂತ ನಡುವೆ ಇನ್ನೊಂದು ಟು ವೇ ಹಾಕಿಬಿಡುತ್ತಾರೆ, ಅದು ಕೆಲಸ ಮಾಡುವುದಿಲ್ಲ.

ನಾಲ್ಕೈದು ಮಹಡಿಯ ಕಟ್ಟಡಕ್ಕೆ ಇಷ್ಟೆಲ್ಲ ಜೋಡಿ ವೈರ್ ಎಳೆಯುವ ಬದಲು ಲ್ಯಾಚಿಂಗ್ ರಿಲೇ ಹಾಕಿಸುವುದು ಒಳ್ಳೆಯದು. ಮಹಡಿಗೊಂದು ಬೆಲ್ ಸ್ವಿಚ್ ಇರುತ್ತದೆ, ಯಾವುದನ್ನು ಒತ್ತಿದರೂ ರಿಲೇ ಒಮ್ಮೆ ಆನ್, ಮತ್ತೊಮ್ಮೆ ಆಫ್ ಮಾಡುತ್ತದೆ.

ಕೆಲಸ ಮಾಡದಿದ್ದರೆ ಎಲ್ಲಿ ನೋಡಬೇಕು?

ಅತಿ ಸಾಮಾನ್ಯ ದೂರು ಒಂದೇ. "ಮೇಲಿನ ಸ್ವಿಚ್ ಒಂದು ಕಡೆಗಿದ್ದರೆ ಮಾತ್ರ ಕೆಳಗಿನದು ಕೆಲಸ ಮಾಡುತ್ತದೆ." ಅಂದರೆ ನಾಲ್ಕು ಸ್ಥಿತಿಯಲ್ಲಿ ಎರಡರಲ್ಲಿ ಉರಿಯಬೇಕಾದ ಬಲ್ಬು ಒಂದರಲ್ಲೇ ಉರಿಯುತ್ತಿದೆ. ಇದಕ್ಕೆ ಮುಖ್ಯ ಕಾರಣ ಎರಡು, ಹೊರಗಿನಿಂದ ನೋಡಲು ಎರಡೂ ಒಂದೇ ಥರ. ಕಾಮನ್‌ಗೆ ಹೋಗಬೇಕಾದ ವೈರ್ ಪಕ್ಕದ ಸ್ಕ್ರೂಗೆ ಹೋಗಿರಬಹುದು. ಇಲ್ಲವೇ ಜೋಡಿ ವೈರಿನಲ್ಲಿ ಒಂದು ಕಡಿದಿರಬಹುದು, ಸ್ಕ್ರೂನಿಂದ ಕಳಚಿಕೊಂಡಿರಬಹುದು. ಹೊಸದಾಗಿ ಮಾಡಿದ ಕೆಲಸ ಅಥವಾ ಈಗಷ್ಟೇ ಸ್ವಿಚ್ ಬದಲಿಸಿದ್ದು ಅಂದರೆ ಮೊದಲನೆಯದು. ವರ್ಷಗಟ್ಟಲೆ ಸರಿ ಇದ್ದು ಈಗ ಹೀಗಾಯಿತು ಅಂದರೆ ಎರಡನೆಯದು, ಅಥವಾ ಸ್ವಿಚ್ಚಿನ ಒಂದು ಕಡೆಯ ಪಾಯಿಂಟ್ ಸುಟ್ಟಿದೆ. ಕರೆಂಟ್ ತೆಗೆದು ಎರಡೂ ಕಾಮನ್‌ಗಳನ್ನು ಪರೀಕ್ಷಿಸಿ, ಆಮೇಲೆ ಜೋಡಿ ವೈರ್ ಒಂದೊಂದನ್ನೂ ಬೀಪ್ ಹಾಕಿ ನೋಡಿ.

ಹಾಳಾದ ಸ್ವಿಚ್ ಬದಲಿಸುವಾಗ ಮೂರೂ ವೈರನ್ನು ಒಟ್ಟಿಗೆ ಕಳಚಬೇಡಿ. ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಕಾಮನ್‌ನಲ್ಲಿರುವ ವೈರಿಗೆ ಟೇಪ್ ಸುತ್ತಿ ಗುರುತು ಮಾಡಿ. ಆಮೇಲೆ ಒಂದೊಂದಾಗಿ ಹೊಸ ಸ್ವಿಚ್ಚಿಗೆ ಸಾಗಿಸಿ.

ಬಲ್ಬು ಆರಿಸಿದ ಮೇಲೂ ಮಂಕಾಗಿ ಮಿಣುಕುತ್ತಿದ್ದರೆ ಹೆದರಬೇಡಿ, ಆದರೆ ಮೂರು ವಿಷಯ ನೋಡಿ. ಸ್ವಿಚ್ಚಿನ ಮೂಲಕ ಹೋಗುತ್ತಿರುವುದು ಫೇಸೋ ನ್ಯೂಟ್ರಲ್ಲೋ? ನ್ಯೂಟ್ರಲ್ ಆಗಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಸ್ವಿಚ್ಚಿನಲ್ಲಿ ಸಣ್ಣ ಕೆಂಪು ದೀಪ ಇದೆಯಾ? ಅದರ ಮೂಲಕ ಹರಿಯುವ ಚೂರು ಕರೆಂಟೇ ಎಲ್ಇಡಿಯನ್ನು ಮಿಣುಕಿಸುತ್ತದೆ. ಎರಡೂ ಅಲ್ಲ ಅಂದರೆ ಜೋಡಿ ವೈರಿನ ಪ್ರಭಾವ. ಟು ವೇಯಲ್ಲಿ ಜೋಡಿಯ ಒಂದು ವೈರ್ ಯಾವಾಗಲೂ ಫೇಸ್ ಹೊತ್ತಿರುತ್ತದೆ. ಪಕ್ಕದಲ್ಲೇ ಉದ್ದಕ್ಕೂ ಸಾಗುವ ಇನ್ನೊಂದಕ್ಕೆ ಅದರ ಛಾಯೆ ತಾಗುತ್ತದೆ. ಬೇರೆ ಕಂಪನಿಯ ಬಲ್ಬು ಹಾಕಿದರೆ ಹೋಗುವುದುಂಟು. ಹೋಗದಿದ್ದರೆ ಬಲ್ಬಿಗೆ ಅಡ್ಡಲಾಗಿ, ಅದಕ್ಕೆಂದೇ ಬರುವ ಒಂದು ಕೆಪಾಸಿಟರ್ ಹಾಕಿಸಬೇಕು.

ಎಲ್ಲ ಮುಗಿದ ಮೇಲೆ ನೀವು ಬರೆದ ನಕ್ಷೆಯನ್ನು ಎಸೆಯಬೇಡಿ. ಯಾವ ಎಂಸಿಬಿ, ಯಾವ ಬಾಕ್ಸಿನಲ್ಲಿ ಫೇಸ್, ಯಾವ ಬಣ್ಣ ಯಾವುದಕ್ಕೆ ಅಂತ ಅದರ ಮೇಲೆಯೇ ಬರೆದು ಡಿಬಿ ಬಾಗಿಲಿನ ಒಳಗೆ ಅಂಟಿಸಿ. ನಮ್ಮ ಡಿಬಿಯಲ್ಲಿ ಅಂಟಿಸಿದ ಕಾಗದದ ಮೂಲೆಯಲ್ಲಿ ಅಮ್ಮ ಪೆನ್ಸಿಲಿನಲ್ಲಿ "ಮೆಟ್ಟಿಲ ಲೈಟು, ಎರಡನೇ ಕಡ್ಡಿ" ಅಂತ ಬರೆದಿದ್ದಾರೆ. ಎಂಸಿಬಿಗೆ ಅವರು ಇಟ್ಟ ಹೆಸರು ಕಡ್ಡಿ.